ಸತ್ತ ನಟ ಬೆಳಿಗ್ಗೆ ಟೀವಿಯಲ್ಲಿ: ಗಾಸಿಪ್ ಸೋಸುವ ಬಗೆ

ಒಂದು ರಾತ್ರಿ ಹನ್ನೊಂದು ಗಂಟೆಗೆ ಒಬ್ಬ ಹೆಸರಾಂತ ನಟನನ್ನು ನಾನೇ ಸಾಯಿಸಿದ್ದೆ. ಮನೆಯವರ ಗ್ರೂಪಿಗೆ ಸುದ್ದಿ ಹಾಕಿ, ಕೈ ಮುಗಿದ ಎಮೋಜಿ ಮೂರು ಅಂಟಿಸಿ ಮಲಗಿದೆ. ಬೆಳಿಗ್ಗೆ ಚಿಕ್ಕಮ್ಮನ ಮೆಸೇಜು: "ನೀನು ಸಾಯಿಸಿದೋರು ಟೀವಿಲಿ ನಗ್ತಾ ಕೂತಿದಾರೆ ನೋಡೇ." ಅವತ್ತಿನಿಂದ ಗಾಸಿಪ್ ಓದುವುದನ್ನೇನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಸೋಸಿ ಓದುವುದನ್ನು ಕಲಿತೆ, ಅಷ್ಟೇ.

ಸಾವಿನ ಸುದ್ದಿ ಬಂದರೆ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ ಓದಿ. ಅಲ್ಲಿ ಬೇರೆ ಯಾರ ಹೆಸರಿಟ್ಟರೂ ಸುದ್ದಿ ಹಾಗೇ ಹೊಂದುತ್ತದಾ? ಹಾಗಿದ್ದರೆ ಅನುಮಾನ ಪಡಿ. 2009ರ ಜೂನ್‌ನಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡ ದಿನವೇ ಇನ್ನೊಂದು ಸುದ್ದಿ ಹಬ್ಬಿತು. ನಟ ಜೆಫ್ ಗೋಲ್ಡ್‌ಬ್ಲಮ್ ನ್ಯೂಜಿಲೆಂಡಿನಲ್ಲಿ ಶೂಟಿಂಗ್ ಮಾಡುವಾಗ ಕಡಿದಾದ ಬಂಡೆಯಿಂದ ಬಿದ್ದು ಸತ್ತರಂತೆ. ಅದಕ್ಕೂ ಮೊದಲೇ ಟಾಮ್ ಹ್ಯಾಂಕ್ಸ್, ಟಾಮ್ ಕ್ರೂಸ್ ಇಬ್ಬರನ್ನೂ ಅದೇ ನ್ಯೂಜಿಲೆಂಡಿನ ಬಂಡೆಯಿಂದ ಬೀಳಿಸಿ ಆಗಿತ್ತು! ಕೊನೆಗೆ ಪಾಪ, ಗೋಲ್ಡ್‌ಬ್ಲಮ್ ಒಂದು ಟೀವಿ ಕಾರ್ಯಕ್ರಮಕ್ಕೆ ಬಂದು ತಾನು ಬದುಕಿರುವುದನ್ನು ತೋರಿಸಬೇಕಾಯಿತು.

ಆಮೇಲೆ ಫೋಟೋ. ಅದನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಬೇರೆ ಎಲ್ಲೆಲ್ಲಿ ಬಂದಿದೆ, ಯಾವ ತಾರೀಕಿನಲ್ಲಿ ಬಂದಿದೆ ನೋಡಿ. ಒಮ್ಮೆ ನನಗೆ ಒಬ್ಬ ನಟಿಯ "ಗುಟ್ಟಿನ ಮದುವೆ" ಫೋಟೋ ಬಂತು. ಎಡಗಡೆ ಸ್ವಲ್ಪ ಜಾಸ್ತಿಯೇ ಕತ್ತರಿಸಿದ ಹಾಗಿತ್ತು. ಹುಡುಕಿದಾಗ ಪೂರ್ತಿ ಫೋಟೋ ಸಿಕ್ಕಿತು. ಕತ್ತರಿಸಿದ ಕಡೆ ಏನಿತ್ತು ಗೊತ್ತಾ? ದೊಡ್ಡದೊಂದು ಲೈಟ್ ಸ್ಟ್ಯಾಂಡ್, ಪಕ್ಕದಲ್ಲಿ ಕ್ಲ್ಯಾಪ್ ಬೋರ್ಡ್ ಹಿಡಿದು ಆಕಳಿಸುತ್ತಿದ್ದ ಹುಡುಗ.

"ಆಪ್ತ ಮೂಲಗಳ ಪ್ರಕಾರ" ಎಂದು ಇದ್ದರೆ ಆ ಮೂಲಕ್ಕೆ ಬಾಯಿ ಇದೆ, ಹೆಸರಿಲ್ಲ ಎಂದುಕೊಳ್ಳಿ. ತಲೆಬರಹದ ಕೊನೆಗೆ ಪ್ರಶ್ನೆ ಗುರುತು ಇದ್ದರೆ "ಇಲ್ಲ" ಎಂದು ನೀವೇ ಉತ್ತರ ಕೊಟ್ಟು ಮುಂದೆ ಹೋಗಿ. ಯಾರ ಆಸ್ತಿ ಎಷ್ಟು ಕೋಟಿ ಎಂಬ ಪಟ್ಟಿಗಳು ಬಹುಪಾಲು ಅಂದಾಜು. ಬರೆದವರು ಅವರ ಸಾಲದ ಕಾಗದ ನೋಡಿರುವುದಿಲ್ಲ.

ಇನ್ನು ಪೆದ್ದು ಪ್ರಶ್ನೆಗಳು. ನನಗೆ ಇವು ಗಾಸಿಪ್‌ಗಿಂತ ಇಷ್ಟ. "ಆ ಹೀರೋ ನಿಜವಾಗಿ ಎಷ್ಟು ಎತ್ತರ?" ಎಂದು ಯಾರಾದರೂ ಕೇಳಿದರೆ ನಗಬೇಡಿ. ಶೂಟಿಂಗ್‌ನಲ್ಲಿ ಆಪಲ್ ಬಾಕ್ಸ್ ಎಂಬ ಮರದ ಪೆಟ್ಟಿಗೆ ಇರುತ್ತದೆ. ಕುಳ್ಳಗಿರುವವರನ್ನು ಅದರ ಮೇಲೆ ನಿಲ್ಲಿಸಿದರೆ ಮುಗಿಯಿತು. ಅದಕ್ಕೇ ಸಿನಿಮಾ ದೃಶ್ಯ ಬಿಡಿ. ಸಮತಟ್ಟು ನೆಲದಲ್ಲಿ ಇನ್ನೊಬ್ಬರ ಪಕ್ಕ ನಿಂತ, ಪಾದ ಕಾಣುವ ಫೋಟೋ ಹುಡುಕಿ. ಮೊದಲು ಶೂ ಹಿಮ್ಮಡಿ ನೋಡಿ, ಆಮೇಲೆ ತಲೆ.

ಕೆಲವು ಪ್ರಶ್ನೆಗಳಿಗೆ ಸಾವೇ ಇಲ್ಲ. ಬೀಟಲ್ಸ್ ಎಂಬ ಇಂಗ್ಲೆಂಡಿನ ಹಾಡುಗಾರರ ತಂಡದ ಪಾಲ್ ಮೆಕಾರ್ಟ್ನಿ ಸತ್ತು ಅವರ ಜಾಗಕ್ಕೆ ಇನ್ಯಾರೋ ಬಂದಿದ್ದಾರೆ ಎಂಬ ಮಾತು 1969ರಲ್ಲಿ ಜೋರಾಗಿ ಹಬ್ಬಿತ್ತು. ಆ ತಂಡದ ಅಬ್ಬಿ ರೋಡ್ ಆಲ್ಬಂ ಮುಖಪುಟದಲ್ಲಿ ಅವರು ಬರಿಗಾಲಲ್ಲಿ ನಡೆಯುತ್ತಿರುವುದೇ ಸಾಕ್ಷಿ ಅಂತೆ! ಇಂಥ ವಾದ ಎದುರಾದರೆ ಜಗಳ ಬೇಡ. "ಹೌದಾ? ಹಾಗಾದರೆ ಇಷ್ಟು ವರ್ಷ ಆ ಹಾಡುಗಳನ್ನೆಲ್ಲ ಬರೆದಿದ್ದು ಯಾರು?" ಎಂದು ಕೇಳಿ, ಕೂತು ಮಜಾ ನೋಡಿ.

ಆದರೆ ಯಾರದೋ ಹೊಟ್ಟೆ ನೋಡಿ "ಬಸುರಿನಾ?" ಎನ್ನುವ ಪ್ರಶ್ನೆಗೆ ನಾನು ಕೈ ಹಾಕುವುದಿಲ್ಲ. ಅದನ್ನು ಅವರೇ ಹೇಳಲಿ.

ಸುಳ್ಳು ಸುದ್ದಿ ಆಗಲೇ ಕಳಿಸಿಬಿಟ್ಟಿದ್ದರೆ? ಸುಮ್ನೆ ಡಿಲೀಟ್ ಮಾಡಿದರೆ ಸಾಲದು, ಓದಿದವರು ಓದಿ ಆಗಿರುತ್ತದೆ. ಅದೇ ಮೆಸೇಜಿಗೆ ರಿಪ್ಲೈ ಮಾಡಿ "ಇದು ಸುಳ್ಳು, ನಂದೇ ತಪ್ಪು" ಎಂದು ಹಾಕಿ. ನಾನು ಹಾಗೇ ಮಾಡಿದೆ. ಆದರೂ ಈಗ ನಾನು ಏನೇ ಕಳಿಸಲಿ, ಚಿಕ್ಕಮ್ಮನ ಮೊದಲ ಉತ್ತರ ಒಂದೇ: "ಟೀವಿ ಹಾಕಿ ನೋಡಿದ್ಯಾ?"