ನನ್ನ ಅನುಭವ: ಮನೆಯಲ್ಲೇ ಕಟ್ಟಿದ ಸೈನ್‌ವೇವ್ ಇನ್ವರ್ಟರ್‌ನಲ್ಲಿ ಮಾಸ್ಫೆಟ್ ಸುಡುವುದು ನಿಂತಿದ್ದು ಹೀಗೆ

ಇಜಿಎಸ್002 (ಸೈನ್‌ವೇವ್ ಇನ್ವರ್ಟರ್ ಆಡಿಸುವ ರೆಡಿಮೇಡ್ ಕಂಟ್ರೋಲ್ ಬೋರ್ಡ್) ತಂದು ಇನ್ವರ್ಟರ್ ಕಟ್ಟಲು ಕೂತವರಿಗೆ ಐಆರ್‌ಎಫ್3205 ಮಾಸ್ಫೆಟ್ (ಬ್ಯಾಟರಿ ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಬಿಡಿಭಾಗ) ಸಿಡಿಯುವ ಸದ್ದು ಹೊಸದಲ್ಲ. ಕೇಳಿದವರೆಲ್ಲ ಒಂದೇ ಸಲಹೆ ಕೊಟ್ಟರು: "55 ವೋಲ್ಟಿನ ಮಾಲು ಸಾಕಾಗಲ್ಲ, 100 ವೋಲ್ಟಿನ 4110 ಹಾಕಿ." ವೈಂಡಿಂಗ್ ಅಂಗಡಿಯವರಂತೂ, "ಇದೆಲ್ಲ ಆಗೋ ಮಾತಲ್ಲ ಸಾರ್, ಟ್ರಾನ್ಸ್‌ಫಾರ್ಮರ್ ನಂಗೇ ಕೊಟ್ಬಿಡಿ, ತಾಮ್ರಕ್ಕೆ ಒಳ್ಳೆ ರೇಟಿದೆ" ಅಂದರು. ಈಗ ಅದೇ ಟ್ರಾನ್ಸ್‌ಫಾರ್ಮರ್, ಅದೇ 3205. ಕಳೆದ ಮಳೆಗಾಲದಿಂದ ಮಿಕ್ಸಿ, ಎರಡು ಫ್ಯಾನು, ಲೈಟು ಎಲ್ಲ ಓಡುತ್ತಿವೆ.

ಟ್ರಾನ್ಸ್‌ಫಾರ್ಮರ್ ಗುಜರಿಯದ್ದು. ಹಳೇ ಸ್ಕ್ವೇರ್‌ವೇವ್ ಇನ್ವರ್ಟರ್‌ನ 12-0-12, ಅಂದರೆ ನಡುವೆ ಸೇರಿಸಿದ ಎರಡು 12 ವೋಲ್ಟ್ ಸುರುಳಿಯದ್ದು. ನಡುವಿನ ಜೋಡಣೆ ಬಿಚ್ಚಿ, ಎರಡು ಸುರುಳಿಯನ್ನೂ ಫೇಸ್ ನೋಡಿಕೊಂಡು ಪ್ಯಾರಲಲ್ ಮಾಡಿದೆ. ಬ್ಯಾಟರಿ ಎರಡು, ಅಂದರೆ 24 ವೋಲ್ಟ್. ಒಂದೇ 12 ವೋಲ್ಟ್ ಬ್ಯಾಟರಿ ಇಟ್ಟುಕೊಂಡರೆ ಸೈನ್‌ವೇವ್‌ಗೆ 8 ವೋಲ್ಟ್ ಆರ್‌ಎಂಎಸ್ (ಎಸಿಯ ಪರಿಣಾಮಕಾರಿ ವೋಲ್ಟೇಜ್) ದಾಟುವುದೇ ಕಷ್ಟ, ರೀವೈಂಡಿಂಗ್ ಖರ್ಚು ಬೀಳುತ್ತದೆ. ಬ್ರಿಜ್‌ನಲ್ಲಿ (ಡಿಸಿಯನ್ನು ಎಸಿ ಮಾಡುವ, ಎರಡು ಲೆಗ್ ಅಂದರೆ ಎರಡು ಬದಿಯ ಸ್ವಿಚ್ ಜೋಡಣೆ) ಜಾಗಕ್ಕೆರಡರಂತೆ ಎಂಟು ಮಾಸ್ಫೆಟ್, ಒಂದೊಂದಕ್ಕೂ ಬೇರೆ ಬೇರೆ 10 ಓಮ್ ಗೇಟ್ ರೆಸಿಸ್ಟರ್. (ಗೇಟ್ ಅಂದರೆ ಮಾಸ್ಫೆಟ್ಟನ್ನು ಆನ್-ಆಫ್ ಮಾಡುವ ಕಾಲು; ಕರೆಂಟ್ ಹರಿಯುವುದು ಡ್ರೈನ್, ಸೋರ್ಸ್ ಕಾಲುಗಳ ನಡುವೆ.) ಔಟ್‌ಪುಟ್‌ನಲ್ಲಿ ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್.

ಬಲ್ಬ್ ಹಾಕಿದರೆ ಚೆನ್ನಾಗಿ ಉರಿಯುತ್ತಿತ್ತು. ಮಿಕ್ಸಿ ತಿರುಗಿಸಿದರೆ ಢಂ. ಒಂದು ಸಲಕ್ಕೆ ಎರಡೋ ನಾಲ್ಕೋ ಹೋಗುತ್ತಿದ್ದವು, ಜೊತೆಗೆ ಬೋರ್ಡಿನಲ್ಲಿ ಗೇಟ್‌ಗಳನ್ನು ಆಡಿಸುವ ಐಆರ್2110 ಡ್ರೈವರ್ ಚಿಪ್ ಕೂಡ. ಹೀಗೇ ಎರಡು ಬೋರ್ಡು, ಇಪ್ಪತ್ತರ ಹತ್ತಿರ ಮಾಸ್ಫೆಟ್ ಸುಟ್ಟವು. ಎಸ್‌ಪಿ ರೋಡಿಗೆ ಹೋದಾಗೆಲ್ಲ ಐನೂರು ಆರುನೂರು ಖಾಲಿ.

ಸುಟ್ಟವನ್ನೆಲ್ಲ ಬಿಸಾಡದೆ ಯಾವ ಜಾಗದ್ದು ಅಂತ ಗುರುತು ಹಾಕಿ ಡಬ್ಬಿಯಲ್ಲಿ ಇಟ್ಟಿದ್ದೆ. ಒಂದು ರಾತ್ರಿ ಟೇಬಲ್ ಮೇಲೆ ಸುರಿದು ನೋಡಿದರೆ ಎಲ್ಲವೂ ಒಂದೇ ಲೆಗ್ಗಿನವು. ಇನ್ನೊಂದು ಲೆಗ್ಗಿನದ್ದು ಒಂದೂ ಇಲ್ಲ. ಬೋರ್ಡಿನ ಮುಖ್ಯ ಚಿಪ್ ಇಜಿ8010 ಯೂನಿಪೋಲಾರ್ ವಿಧಾನದಲ್ಲಿ ಒಂದು ಲೆಗ್ಗನ್ನು ಬರೀ 50 ಹರ್ಟ್ಜ್‌ನಲ್ಲಿ ಆಡಿಸುತ್ತದೆ, ಇನ್ನೊಂದನ್ನು 23 ಕಿಲೋಹರ್ಟ್ಜ್ ಚಿಲ್ಲರೆಯಲ್ಲಿ. ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಮಾಲು ನಕಲಿಯಾಗಿದ್ದರೆ, ಕರೆಂಟ್ ಜಾಸ್ತಿಯಾಗಿದ್ದರೆ, ಎರಡೂ ಕಡೆ ಹೋಗಬೇಕಿತ್ತಲ್ವಾ? ಬರೀ ವೇಗವಾಗಿ ಸ್ವಿಚ್ ಆಗುವ ಕಡೆ ಮಾತ್ರ ಹೋಗುತ್ತಿದೆ ಅಂದರೆ ನೋಡಬೇಕಾದ್ದು ವೈರಿಂಗ್.

ನನ್ನ ಡಿಎಸ್‌ಒ138 ಆಸಿಲೋಸ್ಕೋಪ್ (ವೋಲ್ಟೇಜ್ ಅಲೆ ತೋರಿಸುವ ಉಪಕರಣ) ಕಿಟ್‌ನಲ್ಲಿ ಗೇಟ್ ಅಲೆ ಮಟ್ಟಸವಾಗಿಯೇ ಕಾಣುತ್ತಿತ್ತು. 200 ಕಿಲೋಹರ್ಟ್ಜ್ ಸ್ಕೋಪಿಗೆ ರಿಂಗಿಂಗ್ (ಸ್ವಿಚ್ ಆದಾಗ ವೋಲ್ಟೇಜ್ ಕ್ಷಣಕಾಲ ಅಲುಗಾಡುವುದು) ಎಲ್ಲಿಂದ ಕಾಣಬೇಕು! ಗೆಳೆಯನ 100 ಮೆಗಾಹರ್ಟ್ಜ್ ಸ್ಕೋಪ್ ತಂದು ಡ್ರೈನ್-ಸೋರ್ಸ್ ನಡುವೆ ಹಿಡಿದೆ. ಬ್ಯಾಟರಿ 27 ವೋಲ್ಟ್ ಚಿಲ್ಲರೆ ಇದ್ದಾಗ, ಬರೀ 100 ವ್ಯಾಟ್ ಲೋಡಿಗೇ ಸ್ಪೈಕ್ (ಕ್ಷಣಿಕ ವೋಲ್ಟೇಜ್ ಏರಿಕೆ) 50 ವೋಲ್ಟಿನ ಹತ್ತಿರ ಏರುತ್ತಿತ್ತು; 3205 ತಡೆಯುವುದೇ 55. ಮಿಕ್ಸಿ ಸ್ಟಾರ್ಟ್ ಆಗುವಾಗ ಎಷ್ಟಿರುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ.

ಬೋರ್ಡಿನಿಂದ ಗೇಟಿಗೆ ಗೇಣುದ್ದದ ವೈರು ಇತ್ತು. ಅದನ್ನು ಎರಡು ಇಂಚಿಗೆ ಇಳಿಸಿ, ಗೇಟ್ ವೈರಿಗೆ ಅದೇ ಮಾಸ್ಫೆಟ್‌ನ ಸೋರ್ಸ್ ವೈರನ್ನು ಹೆಣೆದು ತಂದೆ. ದೊಡ್ಡ ಕೆಪಾಸಿಟರ್‌ಗಳು ಬ್ಯಾಟರಿ ಟರ್ಮಿನಲ್ ಹತ್ತಿರ ಕೂತಿದ್ದವು. ಅವನ್ನು ಬ್ರಿಜ್ ಪಕ್ಕಕ್ಕೇ ತಂದು, ಒಂದೊಂದು ಲೆಗ್ಗಿನ ಮಾಸ್ಫೆಟ್ ಕಾಲಿಗೇ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಬೆಸುಗೆ ಹಾಕಿದೆ. ಸ್ಪೈಕ್ 35ರ ಆಸುಪಾಸಿಗೆ ಇಳಿಯಿತು. ಪ್ರೈಮರಿ ಜೊತೆ ಸೀರಿಸ್‌ನಲ್ಲಿ ಒಂದು ಫೆರೈಟ್ ಚೋಕ್ (ಫೆರೈಟ್ ತಿರುಳಿಗೆ ಸುತ್ತಿದ ಸುರುಳಿ) ಕೂಡ ಇದೆ. ಅದರ ಸುತ್ತು ಎಷ್ಟು, ಗ್ಯಾಪ್ ಎಷ್ಟು ಅಂತ ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಕೆಡಿಸಿಕೊಳ್ಳಿ.

ಇನ್ವರ್ಟರನ್ನು ಬ್ಯಾಟರಿಗೆ ನೇರವಾಗಿ ಹಾಕುವ ಅಭ್ಯಾಸವನ್ನೂ ಬಿಟ್ಟೆ. ಲಾರಿ ಸ್ಪೇರ್ಸ್ ಅಂಗಡಿಯಲ್ಲಿ ಸಿಗುವ 24 ವೋಲ್ಟಿನ ಹೆಡ್‌ಲೈಟ್ ಬಲ್ಬನ್ನು ಪ್ಲಸ್ ಲೈನಿನಲ್ಲಿ ಸೀರಿಸ್ ಹಾಕಿಯೇ ಮೊದಲು ಚಾಲೂ ಮಾಡುವುದು. ಬ್ರಿಜ್ ಶಾರ್ಟಾದರೆ ಬಲ್ಬು ಝಗ್ಗನೆ ಉರಿಯುತ್ತದೆ, ಮೂರು ಆಂಪಿಯರ್ ಮೇಲೆ ಕರೆಂಟ್ ಹೋಗಲ್ಲ, ಮಾಸ್ಫೆಟ್ ಬದುಕುತ್ತದೆ. ಸುಮಾರು ನೂರು ರೂಪಾಯಿಯ ಈ ಬಲ್ಬು ಮೊದಲೇ ಹಾಕಿದ್ದರೆ ಎರಡು ಬೋರ್ಡು ಉಳಿಯುತ್ತಿತ್ತು.

ನಕಲಿ ಮಾಲಿನ ಅನುಮಾನವಿದ್ದರೆ ಗೇಟಿಗೆ 12 ವೋಲ್ಟ್ ಕೊಟ್ಟು 5 ಆಂಪಿಯರ್ ಹರಿಸಿ, ಡ್ರೈನ್-ಸೋರ್ಸ್ ಕಾಲಿನ ಬುಡದಲ್ಲಿ ಮೀಟರ್ ಹಿಡಿಯಿರಿ. ಅಸಲಿ 3205 ಆದರೆ 40 ಮಿಲಿವೋಲ್ಟ್ ಒಳಗೇ ಇರಬೇಕು. ಹದಿನೈದು ರೂಪಾಯಿಗೆ ತಂದ ಒಂದು ಪಟ್ಟಿಯಲ್ಲಿ 90 ತೋರಿಸಿದ್ದೂ ಇದೆ. ಅವನ್ನು ಎಲ್‌ಇಡಿ ಸ್ಟ್ರಿಪ್ಪಿಗೆ ಹಾಕಿದ್ದೇನೆ, ಅಲ್ಲಿ ಆರಾಮಾಗಿವೆ.

ನಡುವೆ ಇಜಿಎಸ್ ಬಿಟ್ಟು ಆರ್ಡುಯಿನೋ ನ್ಯಾನೋದಿಂದಲೇ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್) ಸೈನ್ ಟೇಬಲ್ (ಸೈನ್ ಅಲೆಯ ಅಂಕಿಗಳ ಪಟ್ಟಿ) ಓಡಿಸಿ ನೋಡಿದೆ. ನ್ಯಾನೋದ ಟೈಮರ್1ರಲ್ಲಿ ಡೆಡ್‌ಟೈಮ್ (ಒಂದೇ ಲೆಗ್ಗಿನ ಮೇಲಿನ, ಕೆಳಗಿನ ಮಾಸ್ಫೆಟ್ ಒಟ್ಟಿಗೆ ಆನ್ ಆಗದಂತೆ ನಡುವೆ ಬಿಡುವ ಚೂರು ಸಮಯ) ಇಲ್ಲ, ಅದಕ್ಕೇ ಒಳಗೇ ಡೆಡ್‌ಟೈಮ್ ಇರುವ ಐಆರ್2104 ಡ್ರೈವರ್ ಹಾಕಿದೆ. ಸೀರಿಯಲ್ ಮಾನಿಟರ್ ತೆರೆದಾಗೆಲ್ಲ ನ್ಯಾನೋ ರಿಸೆಟ್ ಆಗುತ್ತದೆ, ಪಿನ್ನುಗಳು ತೇಲಾಡುತ್ತವೆ, ಬ್ರಿಜ್ ತನಗೆ ತೋಚಿದಂತೆ ಕುಣಿಯುತ್ತದೆ. ಡ್ರೈವರ್‌ನ ಎಸ್‌ಡಿ (ಶಟ್‌ಡೌನ್) ಪಿನ್ನಿನಿಂದ ಗ್ರೌಂಡಿಗೆ 10ಕೆ ರೆಸಿಸ್ಟರ್ ಹಾಕಿ, ಕೋಡ್ ಪೂರ್ತಿ ಚಾಲೂ ಆದಮೇಲೆ ಮಾತ್ರ ಆ ಪಿನ್ ಎತ್ತಿದರೆ ತೊಂದರೆಯಿಲ್ಲ. ಕೆಲಸವೇನೋ ಮಾಡಿತು, ಆದರೆ 10 ಕಿಲೋಹರ್ಟ್ಜ್‌ನ ಕೀರಲು ಸದ್ದಿಗೆ ಮನೆಯವರು ಬೈದರು. ಈಗ ನ್ಯಾನೋ ಬ್ಯಾಟರಿ ವೋಲ್ಟೇಜ್ ತೋರಿಸುವ ಕೆಲಸಕ್ಕಷ್ಟೇ. ಮಿಕ್ಸಿ ಹಾಕಿದಾಗ ಡಿಸ್‌ಪ್ಲೇಯಲ್ಲಿ ಚಿತ್ರವಿಚಿತ್ರ ಅಕ್ಷರ ಬರುತ್ತಿತ್ತು. ಅದರ ಗ್ರೌಂಡನ್ನು ಬ್ರಿಜ್‌ನಿಂದ ತೆಗೆದು ನೇರ ಬ್ಯಾಟರಿ ಮೈನಸ್ಸಿಗೆ ಕೊಟ್ಟಮೇಲೆ ಸರಿಹೋಯಿತು.

ಒಟ್ಟು ಖರ್ಚು, ಬ್ಯಾಟರಿ ಬಿಟ್ಟು, ನಾಲ್ಕೂವರೆ ಸಾವಿರದ ಸುತ್ತಮುತ್ತ. ಅದರಲ್ಲಿ ಅರ್ಧ ಸುಟ್ಟಿದ್ದು. ಬ್ಯಾಟರಿ ತೀರಾ ಇಳಿದಾಗ ಮಿಕ್ಸಿ ಹಾಕಿದರೆ ಬೋರ್ಡಿನ ಎಲ್‌ಇಡಿ ನಾಲ್ಕು ಸಲ ಮಿನುಗಿ ಆಫಾಗುತ್ತದೆ, ಅದು ಅಂಡರ್‌ವೋಲ್ಟೇಜ್, ಇರಲಿ. ಲೋಡ್ ಇಲ್ಲದಾಗಲೂ ಒಂದು ಆಂಪಿಯರ್ ಹತ್ತಿರ ಎಳೆಯುತ್ತದಲ್ಲ, ಈಗ ಅದರ ಹಿಂದೆ ಬಿದ್ದಿದ್ದೇನೆ.