ನೀವು ನಿಂತಿರುವ ರಸ್ತೆ ಯಾವುದು, ಯಾರದು? ಕಂಡುಹಿಡಿಯುವುದು ಹೀಗೆ

ರಸ್ತೆಯಲ್ಲಿ ಗುಂಡಿ ಬಿದ್ದಿದೆ ಅಂತ ಪಂಚಾಯಿತಿ ಅಧ್ಯಕ್ಷರ ಜೊತೆ ಜಗಳಕ್ಕೆ ನಿಲ್ಲುವವರನ್ನು ಸಾಕಷ್ಟು ನೋಡಿದ್ದೇನೆ. ಅವರು ಕೈ ತೋರಿಸುವ ರಸ್ತೆ ನೋಡಿದರೆ ರಾಜ್ಯ ಹೆದ್ದಾರಿ. ಪಾಪ, ಅಧ್ಯಕ್ಷರು ಏನು ಮಾಡಬೇಕು? ಇನ್ನು ಕೆಲವರು ಗೃಹಪ್ರವೇಶದ ಕಾರ್ಡಿನಲ್ಲಿ ‘ಎನ್‌ಎಚ್ 4, ನೆಲಮಂಗಲದ ಹತ್ತಿರ’ ಅಂತ ಅಚ್ಚು ಹಾಕಿಸುತ್ತಾರೆ. ಈಗಿನ ಲೆಕ್ಕದಲ್ಲಿ ಎನ್‌ಎಚ್ 4 ಇರುವುದು ಅಂಡಮಾನ್‌ನಲ್ಲಿ. ಊಟಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ ಹೇಳಿ?

ರಸ್ತೆಯ ದರ್ಜೆ ಮತ್ತು ನಂಬರ್ ಓದುವುದು ಕಷ್ಟದ ಕೆಲಸ ಏನಲ್ಲ. ಆದರೆ ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ, ಅಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೆಜ್ಜೆ 1: ಕಲ್ಲಿನ ತಲೆ ನೋಡಿ

ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ, ಇಲ್ಲವೇ ಪೇಟೆಯೊಳಗಿನ ರಸ್ತೆ. ಕಿತ್ತಳೆ ಬಣ್ಣ ಕಂಡರೆ ಹಳ್ಳಿ ರಸ್ತೆ. ಅಷ್ಟೇ.

ಈ ವಿಂಗಡಣೆ 1943ರ ನಾಗಪುರ ಯೋಜನೆಯಿಂದ ಬಂದದ್ದು. ಆಗ ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಹಳ್ಳಿ ರಸ್ತೆ ಅಂತ ಪಾಲು ಮಾಡಿದರು, ಇವತ್ತಿಗೂ ಹೆಚ್ಚುಕಡಿಮೆ ಅದೇ ನಡೆಯುತ್ತಿದೆ. ದೇಶದಲ್ಲಿ ಎಲ್ಲ ಸೇರಿ ಸುಮಾರು 63 ಲಕ್ಷ ಕಿಲೋಮೀಟರ್ ರಸ್ತೆ ಇದೆ. ಅದರಲ್ಲಿ ರಾಷ್ಟ್ರೀಯ ಹೆದ್ದಾರಿ ಸುಮಾರು 1.46 ಲಕ್ಷ ಕಿಲೋಮೀಟರ್ ಮಾತ್ರ. ನೂರರಲ್ಲಿ ಎರಡು ಪಾಲು ಚಿಲ್ಲರೆ. ಆದರೆ ವಾಹನ ಸಂಚಾರದ ಸುಮಾರು ಶೇ 40 ಅದರ ಮೇಲೇ ಓಡುತ್ತದೆ.

ರಸ್ತೆಯ ಅಗಲ ನೋಡಿ ದರ್ಜೆ ಹೇಳಲು ಹೋಗಬೇಡಿ. ಆಗುಂಬೆ ಘಾಟಿಯ ಆ ಇಕ್ಕಟ್ಟಿನ ತಿರುವುಗಳಲ್ಲಿ ಎದುರಿಗೆ ಬಸ್ಸು ಬಂದರೆ ಎದೆ ಢವಢವ ಅನ್ನುತ್ತದೆ, ಅದು ರಾಷ್ಟ್ರೀಯ ಹೆದ್ದಾರಿ 169ಎ. ಟೋಲ್ ಇದೆ ಅಂತಲೂ ತೀರ್ಮಾನ ಮಾಡಬೇಡಿ, ರಾಜ್ಯ ಹೆದ್ದಾರಿಗಳಲ್ಲೂ ಟೋಲ್ ಇದೆ.

ಹೆಜ್ಜೆ 2: ನಂಬರ್ ಹೊಸದೋ ಹಳೆಯದೋ ನೋಡಿ

ಎಲ್ಲರೂ ಎಡವುವುದು ಇಲ್ಲೇ. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳ ನಂಬರ್‌ಗಳನ್ನು ಹೊಸದಾಗಿ ಬರೆಯಿತು. ಅಂಗಡಿ ಬೋರ್ಡುಗಳು, ಹಳೆಯ ಕ್ರಯಪತ್ರಗಳು, ನಮ್ಮ ಬಾಯಿ, ಇವು ಮೂರೂ ಇನ್ನೂ ಬದಲಾಗಿಲ್ಲ.

ಹೊಸ ಲೆಕ್ಕ ಹೀಗಿದೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ರಸ್ತೆಗೆ ಸಮ ಸಂಖ್ಯೆ, ಅದು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತದೆ. ಪೂರ್ವ ಪಶ್ಚಿಮದ ರಸ್ತೆಗೆ ಬೆಸ ಸಂಖ್ಯೆ, ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ನಮ್ಮ ರಾಜ್ಯದಲ್ಲೇ ನೋಡಿ. ಹುಮನಾಬಾದ್ ಮೇಲೆ ಹೋಗುವುದು 65, ಹುಬ್ಬಳ್ಳಿ–ಹೊಸಪೇಟೆ–ಬಳ್ಳಾರಿ 67, ಹೊನ್ನಾವರ–ಶಿವಮೊಗ್ಗ 69, ಚಾರ್ಮಾಡಿ ಹತ್ತುವುದು 73, ಹಾಸನದ ಮೇಲೆ ಮಂಗಳೂರಿಗೆ ಇಳಿಯುವುದು 75. ಬೀದರಿನಿಂದ ಕೆಳಗೆ ಬರುತ್ತಾ ಬಂದಂತೆ ನಂಬರ್ ದೊಡ್ಡದಾಗುತ್ತಾ ಹೋಗುತ್ತದೆ. ಸಮ ಸಂಖ್ಯೆಯಲ್ಲಿ ಚಿಕ್ಕಬಳ್ಳಾಪುರದ ಕಡೆ 44, ತುಮಕೂರಿನ ಕಡೆ 48, ಕರಾವಳಿಯಲ್ಲಿ 66. ಹಾಗಂತ ಇದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ವಿಜಯಪುರದ 50 ಬೆಳಗಾವಿಯ 48ಕ್ಕಿಂತ ಪೂರ್ವಕ್ಕಿದೆ, ನಿಯಮಕ್ಕೆ ಅದು ಕೂರುವುದಿಲ್ಲ. ಅಂದಾಜಿಗೆ ಮಾತ್ರ ಬಳಸಿ.

ಮೂರಂಕಿ ಇದ್ದರೆ ಅದು ಕವಲು. ಕೊನೆಯ ಎರಡು ಅಂಕಿ ತಾಯಿ ರಸ್ತೆಯದು. 275 ಅಂದರೆ 75ರ ಕವಲು, ಬೆಂಗಳೂರಿನಿಂದ ಮೈಸೂರು, ಮಡಿಕೇರಿ ಹಾದು ಬಂಟ್ವಾಳದ ಹತ್ತಿರ ಮತ್ತೆ 75ಕ್ಕೇ ಬಂದು ಸೇರುತ್ತದೆ. 766 ಅಂದರೆ 66ರ ಕವಲು, ಕೋಯಿಕ್ಕೋಡ್‌ನಿಂದ ಬಂಡೀಪುರ ಕಾಡಿನೊಳಗೆ ಗುಂಡ್ಲುಪೇಟೆಗೆ ಬರುವುದು. ನಂಬರ್ ಮುಂದೆ ಎ, ಬಿ ಅಂತ ಅಕ್ಷರ ಇದ್ದರೆ ಅದು ಕವಲಿನ ಕವಲು. 169 ಮಂಗಳೂರಿನಿಂದ ತೀರ್ಥಹಳ್ಳಿ ಮೇಲೆ ಶಿವಮೊಗ್ಗಕ್ಕೆ, ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿಗೆ ಹೋಗುವುದು 169ಎ.

ಆದರೆ ಹಳೆಯ ಮೂರಂಕಿಗೆ ಈ ಸೂತ್ರ ಹಾಕಬೇಡಿ. ಕನಕಪುರ ರಸ್ತೆಯ ಅಂಗಡಿಗಳ ಮೇಲೆ ಎನ್‌ಎಚ್ 209 ಅಂತ ಇರುತ್ತದೆ. ಅದು ಯಾವ 9ರ ಕವಲೂ ಅಲ್ಲ, ಹಳೇ ನಂಬರ್. ಈಗ ಆ ರಸ್ತೆ 948.

ಈಗ ನೆಲಮಂಗಲಕ್ಕೆ ಬನ್ನಿ. ಬೆಂಗಳೂರಿನಿಂದ ಹೋದಾಗ ಅಲ್ಲಿ ರಸ್ತೆ ಎರಡಾಗುತ್ತದೆ. ಒಂದು ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಕಡೆಗೆ. ಇನ್ನೊಂದು ಕುಣಿಗಲ್, ಹಾಸನದ ಕಡೆಗೆ. ಮೊದಲು ತುಮಕೂರಿನದು 4, ಹಾಸನದ್ದು 48. ಈಗ ತುಮಕೂರಿನದೇ 48, ಹಾಸನದ್ದು 75. ಗಮನಿಸಿದಿರಾ? 48 ಅನ್ನುವ ನಂಬರ್ ಹೋಗಿಲ್ಲ, ಒಂದು ರಸ್ತೆಯಿಂದ ಎದ್ದು ಪಕ್ಕದ ರಸ್ತೆಗೆ ಹೋಗಿ ಕೂತಿದೆ. ಹಳೆಯ ನಕ್ಷೆ ಹಿಡಿದು ‘48 ಹಿಡಿದರೆ ಹಾಸನ’ ಅಂತ ಹೊರಟವರು ಡಾಬಸ್‌ಪೇಟೆಯಲ್ಲಿ ನಿಂತು ದಾರಿ ಕೇಳುತ್ತಾರೆ.

ಹಳೇ 4ರ ಇನ್ನೊಂದು ತುದಿಯೂ ಹೀಗೇ ಆಗಿದೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ಕಡೆ ಹೋಗುತ್ತಿದ್ದ ಭಾಗ ಈಗ 75. ಹೊಸ 48 ಚೆನ್ನೈಗೆ ಹೋಗುವುದು ಹೊಸೂರು, ಕೃಷ್ಣಗಿರಿ ಮೇಲೆ. ಹೊಸೂರು ರಸ್ತೆ ಮೊದಲು 7 ಆಗಿತ್ತು. ಈಗ ಅಲ್ಲಿ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44 ಕೂಡ ಇದೆ, 48 ಕೂಡ ಇದೆ. ಒಂದೇ ಡಾಂಬರು, ಎರಡು ನಂಬರ್. ಜೊತೆಗೆ ಕೆಲವು ಬೋರ್ಡುಗಳ ಮೇಲೆ ಎಎಚ್ ಅಂತ ಬರೆದಿರುತ್ತದೆ, ಅದು ಏಷ್ಯನ್ ಹೆದ್ದಾರಿಯ ನಂಬರ್, ನಿಮ್ಮ ಕೆಲಸಕ್ಕೆ ಬೇಡ, ಬಿಟ್ಟುಬಿಡಿ.

ಆ 7 ಅನ್ನುವ ನಂಬರ್ ಈಗಿನ ಲೆಕ್ಕದಲ್ಲಿ ಪಂಜಾಬಿನಿಂದ ಬದರಿನಾಥದ ಆಚೆ ಮಾಣಾ ಹಳ್ಳಿಗೆ ಹೋಗುವ ರಸ್ತೆ. ಕರಾವಳಿಯವರು ಇಂದಿಗೂ ಹೇಳುವ 17 ಅಸ್ಸಾಮಿನ ಕಡೆ ಸೇರಿದೆ, ಕಾರವಾರ–ಉಡುಪಿ–ಮಂಗಳೂರು ರಸ್ತೆ ಈಗ 66. ಬಸ್ ನಿಲ್ದಾಣದಲ್ಲಿ ಮಾರುವ ಅಗ್ಗದ ರಸ್ತೆ ನಕ್ಷೆ ಕೊಳ್ಳುವ ಮುಂಚೆ ಮಂಗಳೂರಿನ ಪಕ್ಕ 17 ಇದೆಯೋ 66 ಇದೆಯೋ ನೋಡಿ. 17 ಇದ್ದರೆ ಅಲ್ಲೇ ಇಟ್ಟು ಬನ್ನಿ.

ನನ್ನ ಸಲಹೆ ಕೇಳಿದರೆ, ಬರೀ ನಂಬರನ್ನು ಎಲ್ಲೂ ಬರೆಯಲೇಬೇಡಿ. ನಂಬರ್ ಜೊತೆ ಎರಡು ಊರಿನ ಹೆಸರು ಇರಲಿ. ‘ರಾಷ್ಟ್ರೀಯ ಹೆದ್ದಾರಿ 75, ನೆಲಮಂಗಲ–ಕುಣಿಗಲ್ ನಡುವೆ’ ಅಂದರೆ ಯಾರಿಗೂ ದಾರಿ ತಪ್ಪುವುದಿಲ್ಲ.

ಹೆಜ್ಜೆ 3: ನಿಂತ ಜಾಗ ಹೇಳಿ

ಗಾಡಿ ಕೆಟ್ಟಾಗ, ಅಪಘಾತ ಆದಾಗ ಫೋನಿನಲ್ಲಿ ‘ಇಲ್ಲೇ ಒಂದು ಡಾಬಾ ಹತ್ತಿರ’ ಅಂದರೆ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ಹತ್ತಿರದ ಕಲ್ಲು ಅಥವಾ ಫಲಕ ಹುಡುಕಿ. ಊರಿನ ಹೆಸರಿನ ಜೊತೆ ಇರುವ ಸಂಖ್ಯೆ ಆ ಊರಿಗಿರುವ ದೂರ. ರಸ್ತೆಯ ಸ್ವಂತ ಕಿಲೋಮೀಟರ್ ಲೆಕ್ಕ ಬೇರೆ. ಎರಡೂ ಕಂಡರೆ ಎರಡನ್ನೂ ಹೇಳಿ. ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು, ಅದರ ಮೇಲೆ 2, 4, 6, 8 ಅಂತ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಯಾವ ಕಡೆಗೆ ಹೋಗುತ್ತಿದ್ದಿರಿ ಅನ್ನುವುದನ್ನು ಮರೆಯದೆ ಹೇಳಿ. ನಡುವೆ ಡಿವೈಡರ್ ಇರುತ್ತದೆ. ತಪ್ಪು ಬದಿಗೆ ಬಂದ ಆಂಬುಲೆನ್ಸ್ ನಿಮ್ಮನ್ನು ಕಣ್ಣಾರೆ ನೋಡುತ್ತಲೇ ಮುಂದೆ ಹೋಗಿ, ತಿರುವು ಸಿಗುವವರೆಗೆ ಓಡಿ, ವಾಪಸ್ ಬರಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ. ಪ್ರಾಣಕ್ಕೆ ಅಪಾಯ ಇದ್ದರೆ ಯಾವ ರಸ್ತೆಯೇ ಆಗಲಿ 112 ಅಥವಾ 108.

ಹೆಜ್ಜೆ 4: ಯಾರದು ಅಂತ ತಿಳಿದುಕೊಳ್ಳಿ

ಹಸಿರು ಕಲ್ಲಿನದು ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿ ರಸ್ತೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು. ಪೇಟೆಯೊಳಗಿನ ಬೀದಿ ಪಾಲಿಕೆ ಅಥವಾ ಪುರಸಭೆಯದು. ಗೊಂದಲ ಇರುವುದು ಹಳದಿ ಕಲ್ಲಿನಲ್ಲಿ. ರಾಷ್ಟ್ರೀಯ ಹೆದ್ದಾರಿ ಅಂದ ತಕ್ಷಣ ಎಲ್ಲರೂ ಹೆದ್ದಾರಿ ಪ್ರಾಧಿಕಾರಕ್ಕೆ ಅರ್ಜಿ ಹಾಕುತ್ತಾರೆ. ಆದರೆ ಎಲ್ಲ ರಾಷ್ಟ್ರೀಯ ಹೆದ್ದಾರಿಯೂ ಪ್ರಾಧಿಕಾರದ ಕೈಯಲ್ಲಿಲ್ಲ. ಕೆಲವನ್ನು ಕೇಂದ್ರದ ಪರವಾಗಿ ನಮ್ಮ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ. ಕಾಮಗಾರಿಯ ಬೋರ್ಡಿನಲ್ಲಿ ಯಾರ ಹೆಸರಿದೆ ಅಂತ ಓದಿದರೆ ಒಂದು ತಿಂಗಳ ಅಲೆದಾಟ ಉಳಿಯುತ್ತದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಬೋರ್ಡನ್ನು ಇನ್ನೂ ಗಮನವಿಟ್ಟು ಓದಿ. ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು. ಮುಗಿದ ದಿನಾಂಕ ನೋಡಿ, ಐದು ವರ್ಷದೊಳಗೆ ಇದ್ದರೆ ‘ಅನುದಾನ ಬಂದಿಲ್ಲ’ ಅನ್ನುವ ಉತ್ತರ ಒಪ್ಪಬೇಡಿ.

ಸೈಟು ಕೊಳ್ಳುವವರಿಗೆ ಒಂದು ಮಾತು. ‘ಸಾರ್, ಈ ರೋಡು ನ್ಯಾಷನಲ್ ಹೈವೇ ಆಗ್ತಿದೆ’ ಅನ್ನುವ ಬ್ರೋಕರ್ ಎಲ್ಲ ಊರಲ್ಲೂ ಇರುತ್ತಾನೆ. 1956ರ ಕಾಯ್ದೆಯ ಪ್ರಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಬಂದ ಮೇಲೇ ಅದು ರಾಷ್ಟ್ರೀಯ ಹೆದ್ದಾರಿ. ತಾತ್ವಿಕ ಒಪ್ಪಿಗೆ ಸಿಕ್ಕಿದೆ ಅನ್ನುವ ಪೇಪರ್ ಕಟಿಂಗ್ ತೋರಿಸಿದರೆ ಚಹಾ ಕುಡಿದು ಎದ್ದು ಬನ್ನಿ. ‘ಎಕ್ಸ್‌ಪ್ರೆಸ್‌ವೇ’ ಅನ್ನುವ ಮಾತೂ ಹಾಗೇ, ಸುಮ್ನೆ ಎಲ್ಲದಕ್ಕೂ ಅಂಟಿಸುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಅಂತ ಕರೆಯುವುದೂ ದಾಖಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 275 ಅಷ್ಟೇ. ಆದರೆ ಬೈಕಿನವರು, ಆಟೋದವರು ಹುಷಾರು, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ನಿಮಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಹೆಜ್ಜೆ 5: ದೂರು ಬರೆಯಿರಿ

ಹೊಸ ನಂಬರ್, ಎರಡು ಊರು, ಕಿಲೋಮೀಟರ್, ಯಾವ ಬದಿ. ಇಷ್ಟು ನಾಲ್ಕು ಸಾಲಿನಲ್ಲಿ ಮುಗಿಸಿ. ಫೋಟೊ ತೆಗೆಯುವಾಗ ಗುಂಡಿಯನ್ನು ಮಾತ್ರ ಹತ್ತಿರದಿಂದ ತೆಗೆಯಬೇಡಿ, ಬರೀ ಗುಂಡಿಯ ಫೋಟೊ ಯಾವ ಊರಿನದಾದರೂ ಆಗಬಹುದು. ನಾಲ್ಕು ಹೆಜ್ಜೆ ಹಿಂದೆ ಸರಿದು, ಪಕ್ಕದ ಕಲ್ಲೂ ಅದರ ಮೇಲಿನ ಅಕ್ಷರವೂ ಕಾಣುವ ಹಾಗೆ ತೆಗೆಯಿರಿ. ಕಲ್ಲಿನ ಮೇಲೆ ಯಾರಾದರೂ ಟ್ಯೂಷನ್ ಪೋಸ್ಟರ್ ಅಂಟಿಸಿದ್ದರೆ, ಮೊದಲು ಅದನ್ನು ಕಿತ್ತುಹಾಕಿ.