ಸೊಂಟನೋವು ಮತ್ತು ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ನನ್ನ ಬಳಿಗೆ ಫಿಸಿಯೋಥೆರಪಿಗೆ ಬರುವ ಹಿರಿಯರಲ್ಲಿ ಹೆಚ್ಚಿನವರು ಅಡಿಕೆ ತೋಟದವರು. ವರ್ಷಗಟ್ಟಲೆ ಸೊಪ್ಪು ಹೊತ್ತು, ಬಗ್ಗಿ ಅಡಿಕೆ ಹೆಕ್ಕಿ, ನೆಲದಲ್ಲಿ ಕುಳಿತು ಸುಲಿದು ಸೊಂಟ ಸವೆಸಿಕೊಂಡವರು. ಎಷ್ಟು ದೂರ ನಡೆಯುತ್ತೀರಿ, ಎಷ್ಟು ಹೊತ್ತು ಕೂರುತ್ತೀರಿ ಎಂದೆಲ್ಲ ಕೇಳುತ್ತಿದ್ದ ನಾನು, ದಾಂಪತ್ಯದ, ಅಂದರೆ ಗಂಡಹೆಂಡಿರ ಲೈಂಗಿಕ ಸಂಬಂಧದ ಬಗ್ಗೆ ಮಾತ್ರ ಕೇಳುತ್ತಿರಲಿಲ್ಲ. ಅರುವತ್ತು ದಾಟಿದವರಿಗೆ ಅದು ಬೇಡವೆಂದು ನಾನೇ ತೀರ್ಮಾನಿಸಿದ್ದೆ.

ಅದು ತಪ್ಪೆಂದು ತಿಳಿದದ್ದು ಅರುವತ್ತೆಂಟು ವರ್ಷದ ಕೃಷಿಕರೊಬ್ಬರಿಂದ. ವ್ಯಾಯಾಮವೆಲ್ಲ ಮುಗಿದ ಮೇಲೂ ಎದ್ದು ಹೋಗದೆ, “ಡಾಕ್ಟ್ರೇ, ಮಲಗುವಾಗ ಇನ್ನೊಂದು ತೊಂದರೆ ಉಂಟು” ಎಂದು ಅರ್ಧಕ್ಕೆ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಮಲಯಾಳ, ಮನೆಯಲ್ಲಿ ತುಳು, ನನ್ನೊಡನೆ ಕನ್ನಡ ಮಾತನಾಡುವ ಅವರಿಗೆ, ಮೂರರಲ್ಲಿಯೂ ಈ ವಿಷಯಕ್ಕೆ ನಾಚಿಕೆಯಿಲ್ಲದ ಪದ ಸಿಗಲಿಲ್ಲ. ಅಂದಿನಿಂದ ನಾನೇ ಮೊದಲು ಕೇಳುತ್ತೇನೆ: “ರಾತ್ರಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೀರಾ? ಇಲ್ಲದಿದ್ದರೆ ಅದು ನೋವಿನಿಂದಲೋ?” ಎಷ್ಟೋ ಮನೆಗಳಲ್ಲಿ ಗಂಡ ಚಾವಡಿಯಲ್ಲಿ, ಹೆಂಡತಿ ಮೊಮ್ಮಕ್ಕಳೊಂದಿಗೆ ಮಲಗುವುದಕ್ಕೆ ಶುರುವಿನಲ್ಲಿ ಸೊಂಟನೋವೇ ಕಾರಣವಾಗಿರುತ್ತದೆ, ನೋವು ಇಳಿದರೂ ಆ ಏರ್ಪಾಡು ಹಾಗೆಯೇ ಉಳಿದುಬಿಡುತ್ತದೆ.

ಕೂಡುವಾಗಿನ ಭಂಗಿಯ ಬಗ್ಗೆ ನನ್ನ ಸಲಹೆ ನೋವಿನ ದಿಕ್ಕನ್ನು ಅವಲಂಬಿಸಿರುತ್ತದೆ. ವಯಸ್ಸಾದವರಲ್ಲಿ ಬೆನ್ನೆಲುಬಿನೊಳಗೆ ನರಗಳು ಹಾದುಹೋಗುವ ನಾಳ ಕಿರಿದಾಗಿದ್ದರೆ, ನಿಂತಾಗ, ನಡೆದಾಗ, ಹಿಂದಕ್ಕೆ ಬಾಗಿದಾಗ ನೋವು ಹೆಚ್ಚುತ್ತದೆ, ಮುಂದಕ್ಕೆ ಬಗ್ಗಿ ಕುಳಿತರೆ ಹಗುರಾಗುತ್ತದೆ. ಅಂಥವರಿಗೆ ಬೆನ್ನ ಮೇಲೆ ಮಲಗಿ ಮೊಣಕಾಲಿನ ಕೆಳಗೆ ದಿಂಬಿಡುವುದು, ಅಥವಾ ಮೊಣಕಾಲು ಮಡಚಿ ಪಕ್ಕಕ್ಕೆ ಮಲಗುವುದು ಅನುಕೂಲ. ಡಿಸ್ಕಿನ (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯ) ನೋವಿನವರಿಗೆ ಬಹುಮಟ್ಟಿಗೆ ಇದು ತಿರುಗುಮುರುಗು, ಬಗ್ಗಿದರೆ ನೋವು. ಅವರು ಸೊಂಟದ ಸಹಜ ಬಾಗನ್ನು ಉಳಿಸಿಕೊಳ್ಳಬೇಕು, ಕೆಳಬೆನ್ನಿನ ಅಡಿಗೆ ಸುತ್ತಿದ ತೆಳು ಟವಲಿಟ್ಟುಕೊಳ್ಳಬೇಕು, ಚಲನೆ ಸೊಂಟದಿಂದಲ್ಲದೆ ತೊಡೆಯ ಕೀಲಿನಿಂದ ಬರುವಂತೆ ನೋಡಿಕೊಳ್ಳಬೇಕು. ಎಲ್ಲರಿಗೂ ಪಕ್ಕಕ್ಕೆ ಮಲಗುವ ಭಂಗಿಯನ್ನೇ ಹೇಳುವ ರೂಢಿ ಸರಿಯಲ್ಲವೆಂದು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು 2014ರಲ್ಲಿ, 10 ಆರೋಗ್ಯವಂತ ದಂಪತಿಗಳ ಕೂಡುವಾಗಿನ ಬೆನ್ನಿನ ಚಲನೆಯನ್ನು ಅಳೆದು ತೋರಿಸಿದರು. ಆ ಅಳತೆ ನೋವಿಲ್ಲದವರದ್ದು ಎಂಬುದನ್ನು ಮರೆಯದೆ, ನಾನು ಭಂಗಿಯನ್ನು ಮೊದಲು ಬಟ್ಟೆ ತೊಟ್ಟೇ, ಹಾಸಿಗೆಯಲ್ಲಿ ಎರಡು ನಿಮಿಷ ಮಲಗಿ ಪರೀಕ್ಷಿಸಲು ಹೇಳುತ್ತೇನೆ. ನೋವು ಕಡಿಮೆ ಇರುವವರು ಹೆಚ್ಚು ಚಲಿಸಲಿ, ಇನ್ನೊಬ್ಬರು ಸ್ಥಿರವಾಗಿರಲಿ.

ಹೊತ್ತೂ ಮುಖ್ಯ. ರಾತ್ರಿಯಿಡೀ ಡಿಸ್ಕು ನೀರು ಹೀರಿ ಉಬ್ಬುವುದರಿಂದ, ಎದ್ದ ಮೊದಲ ಗಂಟೆಯಲ್ಲಿ ಬಗ್ಗುವುದು ಕಷ್ಟ. ತೋಟದ ಕೆಲಸ ಮುಗಿದ ಸಂಜೆ ಸ್ನಾಯುಗಳು ಸೋತಿರುತ್ತವೆ. ಬಿಸಿನೀರಿನ ಸ್ನಾನದ ಬಳಿಕ, ಮೈ ಸಡಿಲವಾಗಿರುವಾಗ ಎಂಬುದು ನನ್ನ ಸಲಹೆ. ಕೂಡುಕುಟುಂಬದಲ್ಲಿ ಅಂಥ ಹೊತ್ತು ಸಿಗುವುದು ಮಾತ್ರ ಭಂಗಿಗಿಂತ ದೊಡ್ಡ ಸಮಸ್ಯೆ.

ಎಲ್ಲವನ್ನೂ ಸೊಂಟದ ಮೇಲೆ ಹಾಕುವಂತೆಯೂ ಇಲ್ಲ. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಮಾತ್ರೆಗಳು ಆಸಕ್ತಿಯನ್ನು ತಗ್ಗಿಸಬಹುದು. ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು. ಮುಟ್ಟು ನಿಂತವರಲ್ಲಿ ಯೋನಿಯ ಒಣಗುವಿಕೆಯಿಂದ ನೋವಾಗಿ, ಮೈ ಬಿಗಿಹಿಡಿದು, ಆ ಬಿಗಿತ ಸೊಂಟಕ್ಕೆ ಬರುವುದುಂಟು. ಔಷಧಿ ಅಂಗಡಿಯಲ್ಲಿ ಸಿಗುವ ನೀರಿನಂಶದ, ಜಾರಿಕೆ ಕೊಡುವ ಜೆಲ್ಲಿ ಅಲ್ಲಿ ವ್ಯಾಯಾಮಕ್ಕಿಂತ ಹೆಚ್ಚು ಉಪಕಾರಿ. ಸೊಂಟನೋವಿನೊಂದಿಗೆ ತೊಡೆಸಂದು, ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಅಥವಾ ಲೈಂಗಿಕ ಸ್ಪರ್ಶದ ಅರಿವೇ ಥಟ್ಟನೆ ಇಲ್ಲವಾದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿರಬಹುದು. ಆಗ ನನ್ನ ಬಳಿಗಲ್ಲ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಆ ಕೃಷಿಕರಿಗೆ ನಾಳ ಕಿರಿದಾದ ತೊಂದರೆಯೇ ಇತ್ತು. ಮುಂದಿನ ಸಲ ಹೆಂಡತಿಯನ್ನೂ ಕರೆತರಲು ಹೇಳಿದೆ. ಆಕೆ ಬಂದು, ಅರ್ಧ ಗಂಟೆ ಕಿಟಕಿಯ ಹೊರಗೆ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಗಂಡನಿಗೆ ನೋವಾದೀತೆಂಬ ಭಯದಿಂದ ತಾವೇ ದೂರ ಸರಿದದ್ದೆಂದು ಕೊನೆಗೆ ಹೇಳಿದರು. ಗಂಡ ಅದನ್ನು ಬೇಸರವೆಂದು ತಿಳಿದಿದ್ದರಂತೆ. ಎರಡು ತಿಂಗಳ ನಂತರ ಬಂದಾಗ ಸೊಂಟ ಹೇಗಿದೆ ಎಂದು ಕೇಳಿದೆ. ಉತ್ತರಿಸಿದವರು ಹೆಂಡತಿ: “ಮೊಮ್ಮಗನನ್ನು ಅವನ ಅಮ್ಮನ ಕೋಣೆಗೆ ಕಳಿಸಿದೆವು. ಇನ್ನು ನನ್ನ ಮೊಣಕಾಲಿಗೊಂದು ವ್ಯಾಯಾಮ ಹೇಳಿಕೊಡಿ.”